ಕುರ್ಚಿಯಿಲ್ಲದೆ ಕೂತವನು

ಬಸ್ ನಿಲ್ದಾಣದ ಗಾಜಿನ ಹಿಂದೆ ಕೂತಿರುವವನು ತಾನೇ ಎಂದು ಒಪ್ಪಿಕೊಳ್ಳಲು ಅವನಿಗೆ ಎರಡು ಬಸ್ಸು ಬಂದು ಹೋಗುವಷ್ಟು ಹೊತ್ತು ಬೇಕಾಯಿತು.

ಬಗ್ಗಿದ ಬೆನ್ನು, ಮಂಡಿಗಳ ನಡುವೆ ಜೋತುಬಿದ್ದ ಕೈಗಳು, ನೀಲಿ ಗೆರೆಯ ಅಂಗಿ. ತಲೆಯ ಮೇಲೆ ದಪ್ಪ ಅಕ್ಷರ: 'ಒಳಗೊಳಗೇ ಮುಗಿದುಹೋಗಿದ್ದೀರಾ?' ಕೆಳಗೆ ಯಾವುದೋ ಮನೋರೋಗ ಚಿಕಿತ್ಸಾಲಯದ ಫೋನ್ ನಂಬರು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಚಿತ್ರವನ್ನು ನೋಡಿದಳು, ಅವನನ್ನು ನೋಡಿದಳು, ಕೈಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಸರಿದಳು.

ಹೆಂಡತಿಗೆ ಫೋನ್ ಮಾಡಿದ.

"ನೋಡಿದೀನಿ. ಮೂರು ದಿನ ಆಯ್ತು," ಅಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಕೊಟ್ಟಿರ್ತೀರಿ ಅಂದ್ಕೊಂಡೆ. ಅಷ್ಟು ಸರಿಯಾಗಿ ಬಂದಿದೆಯಲ್ಲ."

"ಸರಿಯಾಗಿ ಅಂದ್ರೆ?"

"ಏನಿಲ್ಲ ಬಿಡಿ. ಒಲೆ ಮೇಲೆ ಹಾಲಿದೆ." ಫೋನು ಇಟ್ಟಳು.

ಅವನ ಮೈ ಉರಿದುಹೋಯಿತು. ಮೋಸ ಮಾಡಿದವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಕಂಪನಿಯ ಹೊಸ ಕುರ್ಚಿಗಳ ಕ್ಯಾಟಲಾಗಿಗೆಂದು ಆ ಫೋಟೋಗ್ರಾಫರನನ್ನು ಗೊತ್ತುಮಾಡಿದ್ದು ಪ್ರಚಾರ ವಿಭಾಗದಲ್ಲಿದ್ದ ಇವನೇ. ಆವತ್ತು ಮಾಡೆಲ್ ಬರುವುದು ತಡವಾಗಿತ್ತು. "ಸಾರ್, ಸುಮ್ನೆ ಹೀಗೆ ಕೂತ್ಕೊಳ್ಳಿ, ಲೈಟ್ ನೋಡ್ಕೋತೀನಿ," ಎಂದಿದ್ದ ಫೋಟೋಗ್ರಾಫರ್. ಇವನು ಸುಮ್ಮನೆ ಕೂತಿದ್ದ. ಅರ್ಧ ಗಂಟೆ. ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡು.

ಆಫೀಸಿಗೆ ಹೋದವನೇ ನೇರ ಮ್ಯಾನೇಜರರ ಕೋಣೆಗೆ ನುಗ್ಗಿ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಪೋಸ್ಟರನ್ನು ಮುಂದೆ ಹಿಡಿದ. ಅವರು ಕನ್ನಡಕ ಹಣೆಗೇರಿಸಿ ಚಿತ್ರವನ್ನು ದೊಡ್ಡದು ಮಾಡಿದರು. ಅವನ ಮುಖ ಪರದೆಯಿಂದ ಆಚೆ ಹೋಯಿತು. ತೊಡೆಯ ಕೆಳಗಿನ ಜಾಗ ಮಾತ್ರ ಉಳಿಯಿತು.

"ನಮ್ಮ ಕುರ್ಚಿ ಎಲ್ಲಿ?"

"ಅಳಿಸಿದಾನೆ ಸಾರ್."

"ಪೂರ್ತಿ?"

"ಪೂರ್ತಿ."

"ಹಾಗಾದ್ರೆ ನಮಗೇನೂ ತೊಂದರೆ ಇಲ್ವಲ್ಲ."

"ಕೂತಿರೋನು ನಾನು ಸಾರ್."

"ಅದು ಗೊತ್ತಾಯ್ತು. ನಾನು ಕೇಳಿದ್ದು ಕುರ್ಚಿ ವಿಚಾರ." ಮೊಬೈಲು ವಾಪಸು ಕೊಟ್ಟರು. "ಒಪ್ಪಂದ ಬರೆದಿದ್ದು ನೀವೇ ಅಲ್ವಾ? ಚೆನ್ನಾಗಿ ಬರೆದಿದೀರಿ."

ಚೆನ್ನಾಗಿಯೇ ಬರೆದಿದ್ದ. ಆರಿಸಿದ ಹನ್ನೆರಡು ಚಿತ್ರಗಳು ಎರಡು ವರ್ಷ ಕಂಪನಿಗೆ, ಕ್ಯಾಟಲಾಗಿಗೂ ಅಂಗಡಿಯ ಗೋಡೆಗೂ ಮಾತ್ರ. ಕುರ್ಚಿಯ ವಿನ್ಯಾಸ ಬೇರೆಲ್ಲೂ ಕಾಣಕೂಡದು. ಆರಿಸದೆ ಬಿಟ್ಟ ಚಿತ್ರಗಳೆಲ್ಲ ಫೋಟೋಗ್ರಾಫರನ ಸ್ವತ್ತು, ಬೇಕಾದವರಿಗೆ ಬೇಕಾದಂತೆ ಬಳಸಲು ಕೊಡಬಹುದು. ಚೌಕಟ್ಟಿನೊಳಗೆ ಬಂದ ಪ್ರತಿಯೊಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕತಕ್ಕದ್ದು. ಎಲ್ಲರಿಗೂ ಮಾದರಿಯಾಗಲೆಂದು ಮೊದಲ ಪತ್ರಕ್ಕೆ ತಾನೇ ಸಹಿ ಹಾಕಿದ್ದ. ಅವತ್ತು ಅದರ ಬಗ್ಗೆ ಹೆಮ್ಮೆಯೂ ಆಗಿತ್ತು.

ಫೋಟೋಗ್ರಾಫರನ ಸ್ಟುಡಿಯೋಗೆ ದಾರಿಯುದ್ದಕ್ಕೂ ಕುದಿಯುತ್ತ ಹೋದ. ಎಂಥ ಅನ್ಯಾಯ. ಕುರ್ಚಿಯ ಕಾಲು, ಕೈ, ಬೆನ್ನು ಒಂದೊಂದನ್ನೂ ಜೋಪಾನವಾಗಿ ತೆಗೆದು ಆ ಜಾಗಕ್ಕೆ ಬೂದು ಬಣ್ಣ ತುಂಬಿದ್ದಾನೆ, ಕುರ್ಚಿಯ ಮಾನ ಹೋಗಬಾರದಂತೆ. ಅದರ ಮೇಲೆ ಕಂಪನಿಗಾಗಿ ಹದಿನೆಂಟು ವರ್ಷ ದುಡಿದ ಮನುಷ್ಯನೊಬ್ಬ ಕೂತಿದ್ದ, ಅವನನ್ನು ಯಾರೂ ಕೇಳಬೇಕಾಗಿಲ್ಲ. ಎರಡು ನಿಲ್ದಾಣಗಳಲ್ಲಿ, ಒಂದು ಔಷಧಿ ಅಂಗಡಿಯ ಬಾಗಿಲಲ್ಲಿ ಅವನು ಗಾಳಿಯ ಮೇಲೆ ಕೂತಿದ್ದ.

ಫೋಟೋಗ್ರಾಫರ್ ಜಗಳಕ್ಕೆ ಬರಲಿಲ್ಲ. ಕಡತ ತೆಗೆದು ಮುಂದಿಟ್ಟ.

"ಸಹಿ ನಿಮ್ಮದೇ ಅಲ್ವಾ ಸಾರ್?"

"ಅದು ಬರೀ ಲೈಟ್ ನೋಡೋಕೆ ತೆಗೆದಿದ್ದು."

"ಅದಕ್ಕೇ ಹಾಗೆ ಬಂದಿದೆ. ಕ್ಯಾಮೆರಾ ಇದೆ ಅಂತ ಗೊತ್ತಿದ್ರೆ ಆ ಮುಖ ಸಿಗಲ್ಲ."

"ನಾನು ಹಾಗಿಲ್ಲ."

"ಹಾಗಿದೀರಿ ಅಂತ ನಾನೆಲ್ಲಿ ಅಂದೆ?"

"ನಾಳೆ ಬೆಳಗಾಗೋದ್ರೊಳಗೆ ಅದು ಅಲ್ಲಿರಬಾರದು. ಅಷ್ಟೇ." ಅವನು ಕಡತವನ್ನು ಆಚೆ ತಳ್ಳಿದ.

ಫೋಟೋಗ್ರಾಫರ್ ಅವನೆದುರೇ ಚಿಕಿತ್ಸಾಲಯಕ್ಕೆ ಫೋನ್ ಮಾಡಿದ. ಅತ್ತ ಕಡೆಯವರು ಏನೋ ಹೇಳಿದರು. ಫೋಟೋಗ್ರಾಫರ್ "ಸರಿ, ಸರಿ" ಅಂದ.

"ನೋಡಿ ಸಾರ್, ಅವರಿಗೆ ಇನ್ನೊಂದು ಚಿತ್ರ ಬೇಕಂತೆ. ಚಿಕಿತ್ಸೆ ಆದ ಮೇಲಿನದು. ಅದೇ ಮನುಷ್ಯ, ಆದ್ರೆ ನಗ್ತಾ ಇರಬೇಕು. ಕೊಟ್ರೆ ನಾಳೆನೇ ಹಳೇದು ತೆಗೆದು ಹೊಸದು ಹಾಕ್ತಾರೆ."

"ಕೊಡದಿದ್ರೆ?"

"ಇದೇ ಇರತ್ತೆ."

ನಗುವುದೊಂದು ದೊಡ್ಡ ಮಾತೇ? ಅವನು ಒಪ್ಪಿದ. ಹೊಸ ಒಪ್ಪಿಗೆ ಪತ್ರ ಬಂತು. ಓದಿದರೆ ತನ್ನದೇ ವಾಕ್ಯಗಳು, 'ಸಹಿ ಹಾಕತಕ್ಕದ್ದು' ಎಂಬಲ್ಲಿಯವರೆಗೆ.

"ನೀವು ಬರೆದಿದ್ದನ್ನೇ ಈಗ ಎಲ್ಲರಿಗೂ ಕೊಡ್ತೀನಿ," ಅಂದ ಫೋಟೋಗ್ರಾಫರ್. "ಒಂದು ಕಡೆನೂ ಸಂದಿ ಬಿಟ್ಟಿಲ್ಲ ನೀವು."

ಅವನು ಸಂದಿಗಾಗಿ ಎರಡು ಸಲ ಹುಡುಕಿದ. ನಿಜ, ಇರಲಿಲ್ಲ. ಸಹಿ ಹಾಕಿದ.

ಬಿಳಿ ಪರದೆಯ ಮುಂದೆ ಒಂದು ಸ್ಟೂಲು. "ಸ್ಟೂಲಿನ ಯೋಚನೆ ಬಿಡಿ, ಅಳಿಸ್ತೀನಿ," ಎಂದು ಫೋಟೋಗ್ರಾಫರ್ ದೀಪಗಳನ್ನು ಹಾಕಿದ. ಬೆಳಕು ಕಣ್ಣಿಗೆ ಹೊಡೆದು ಎದುರಿನದೇನೂ ಕಾಣದಾಯಿತು. ಅವನು ಬೆನ್ನು ನೆಟ್ಟಗೆ ಮಾಡಿದ. ಹೆಂಡತಿ ನಾಳೆ ಬಸ್ಸಿಗೆ ಕಾಯುತ್ತ ತಲೆ ಎತ್ತಿ ನೋಡುವುದನ್ನು ನೆನೆದು ನಕ್ಕ. ಹಲ್ಲು ಕಾಣುವಂತೆ ನಕ್ಕ. ಕೆನ್ನೆ ನೋಯತೊಡಗಿದರೂ ಬಿಡದೆ ನಗುತ್ತಲೇ ಇದ್ದ. ಕ್ಯಾಮೆರಾ ಹತ್ತು ಹದಿನೈದು ಸಲ ಸದ್ದು ಮಾಡಿ ನಿಂತಿತು.

ಬೆಳಕಿನ ಆಚೆ ಫೋಟೋಗ್ರಾಫರ್ ತಲೆ ತಗ್ಗಿಸಿ ಕ್ಯಾಮೆರಾದ ಹಿಂಬದಿ ನೋಡುತ್ತಿರಬೇಕು.

"ಲೈಟ್ ಸರಿಯಾಗಿದೆ ಸಾರ್," ಎಂಬ ಧ್ವನಿ ಬಂತು. "ಹ್ಞೂಂ, ಈಗ ನಗಿ."