ಕೆಂಚಕ್ಕನ ಹೊಲದ ರೆಕ್ಕೆ

ರೊಟ್ಟಿ ಬಡಿಯುತ್ತಿದ್ದ ಕೆಂಚಕ್ಕ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತವನು ಊರ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಪಾಲಾಕ್ಷಪ್ಪ.

"ಯಕ್ಕಾ, ನಿನ್ನ ಹೊಲದಾಗಿನ ರೆಕ್ಕಿ ಈ ವರ್ಷ ನಂದು."

"ಹೌದೇನಪ್ಪಾ? ಮೀನಿಗೂ ರೆಕ್ಕಿ ಬಂದ್ವೇನು?"

ರೆಕ್ಕೆ ವಿಮಾನದ್ದು. ನಾಲ್ಕು ವರ್ಷದ ಹಿಂದೆ ಸೈನ್ಯದ ತರಬೇತಿ ವಿಮಾನವೊಂದು ಉಚ್ಚಂಗಿದುರ್ಗದ ಕಡೆಯಿಂದ ಹೊಗೆ ಕಾರುತ್ತ ಬಂದು ಕೆರೆಯಂಚಿನ ಕೆಂಚಕ್ಕನ ಹೊಲಕ್ಕೆ ಬಿದ್ದಿತ್ತು. ಹಾರಿಸುತ್ತಿದ್ದವನು ಪ್ಯಾರಾಚೂಟಿನ ಕೊಡೆ ಬಿಚ್ಚಿಕೊಂಡು ಮೆಕ್ಕೆಜೋಳದ ನಡುವೆ ಇಳಿದು, ಒಂದು ಚೆಂಬು ನೀರು ಕುಡಿದು ಹೋದ. ಸೈನ್ಯದವರು ಬಂದು ಬೇಕಾದದ್ದನ್ನೆಲ್ಲ ಲಾರಿಗೆ ಏರಿಸಿದರು. ಒಂದು ರೆಕ್ಕೆ ಮಾತ್ರ ಲಾರಿಯಲ್ಲಿ ಹಿಡಿಸದೆ ಹೊಲದಲ್ಲೇ ಉಳಿಯಿತು. "ಸರ್ಕಾರದ ಸ್ವತ್ತು, ಮುಟ್ಟಬೇಡಿ. ಕಾಗದ ಬರೆಯಿರಿ, ಒಯ್ಯುತ್ತೇವೆ" ಎಂದು ವಿಳಾಸ ಕೊಟ್ಟರು. ಕೆಂಚಕ್ಕ ಮರುದಿನವೇ ಬರೆದಳು. ಪಂಚಾಯಿತಿ ಮುದ್ರೆ ಇದ್ದರೆ ಕಾಗದಕ್ಕೊಂದು ತೂಕ ಎಂದು ಯಾರೋ ಅಂದರು. ಅದನ್ನು ನಂಬಿ ಕಾಗದವನ್ನು ಪಂಚಾಯಿತಿಗೆ ಕೊಟ್ಟದ್ದೇ ಅವಳ ತಪ್ಪು; ಅದು ಅಲ್ಲಿಂದ ಕದಲಲೇ ಇಲ್ಲ.

ಊರಿನ ಪದ್ಧತಿಯೊಂದಿದೆ. ಕೆರೆ ಹರಾಜಿನ ದಿನ ತಮಟೆ ಬಾರಿಸಿ, "ನೀರು ಮುಟ್ಟಿದ್ದೆಲ್ಲ ಗುತ್ತಿಗೆ ಹಿಡಿದವನದು" ಎಂದು ಮೂರು ಸಲ ಕೂಗುತ್ತಾರೆ. ಈ ವರ್ಷ ಕೆರೆ ತುಂಬಿ, ನೀರು ಬಂದು ರೆಕ್ಕೆಯ ತುದಿ ನೆಕ್ಕಿತ್ತು. ಪಾಲಾಕ್ಷಪ್ಪನಿಗೆ ಅಷ್ಟೇ ಸಾಕಾಯಿತು.

ಪಂಚಾಯಿತಿ ಕಾರ್ಯದರ್ಶಿ ಹಾಲೇಶಪ್ಪನಿಗೆ ಅಷ್ಟು ಸಾಲಲಿಲ್ಲ. ನ್ಯಾಯ ಕೇಳಲು ಹೋದ ಕೆಂಚಕ್ಕನಿಗೆ ಅವನೆಂದ: "ನೀರು ಮುಟ್ಟಿದ ಮ್ಯಾಲೆ ಅದು ಕೆರಿ. ಕೆರಿ ಪಂಚಾಯ್ತಿದು. ರೆಕ್ಕಿ ನಮ್ದು, ರೆಕ್ಕಿ ಕೆಳಗಿನ ನೆಲಾನೂ ನಮ್ದ."

ನೆಲವೂ! ಅತ್ತೆ ಸಾಯುವ ಮುಂಚೆ ಕೆಂಚಕ್ಕನ ಹೆಸರಿಗೆ ಮಾಡಿಸಿದ್ದ ಅರ್ಧ ಎಕರೆ. ಅವಳಿಗೆ ಇದ್ದದ್ದೇ ಅಷ್ಟು.

"ನನ್ನ ಕಾಗದ ಎಲ್ಲೈತ್ರಿ?" ಎಂದಳು ಮೆಲ್ಲಗೆ.

"ಜ್ವಾಪಾನ ಐತಿ ಬಿಡಮ್ಮ. ಮುದ್ರಿ ಒತ್ತಿದ್ರ ರೆಕ್ಕಿ ಸೈನ್ಯದ್ದು ಅಂತ ನಾವ ಒಪ್ಪಿಕೊಂಡಂಗ ಆಗ್ತತಲ್ಲ?"

"ಹಂಗಾರ ಹರಿದು ಒಗೀಬೇಕಿತ್ತು."

"ಛೇ ಛೇ! ಸರ್ಕಾರಿ ಕಡತ ಹರಿಯಾಕ ಬರ್ತತೇನು?"

ಅಂಥ ನಿಯತ್ತಿನ ಮನುಷ್ಯ. ಕಡತದಿಂದ ಕಾಗದ ತೆಗೆಸಿಕೊಂಡು, ಕೆಂಚಕ್ಕ ಅವನ ಪೆನ್ನಿನಿಂದಲೇ ಅವನ ಮೇಜಿನ ಮೇಲೆ ಕೆಳಗೆರಡು ಸಾಲು ಸೇರಿಸಿದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ನಿಮ್ಮ ರೆಕ್ಕೆ ತಮ್ಮದೆಂದು ಕಾರ್ಯದರ್ಶಿ ಹಾಲೇಶಪ್ಪನವರೂ ಮೀನಿನ ಪಾಲಾಕ್ಷಪ್ಪನವರೂ ಹೇಳುತ್ತಾರೆ. ತಾವು ಬಂದಾಗ ಇಬ್ಬರನ್ನೂ ವಿಚಾರಿಸಿಕೊಳ್ಳಬೇಕು."

ಹಾಲೇಶಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅಲ್ಲಮ್ಮಾ, ನನ್ನ ಹೆಸರು ಯಾಕ?"

"ಮತ್ತ ರೆಕ್ಕಿ ನಿಮ್ದು ಅಂದ್ರಲ್ಲ? ಮಾಲಕರ ಹೆಸರು ಇಲ್ಲದಿದ್ರ ಅವರು ಯಾರನ್ನ ಕೇಳಬೇಕು?"

"ಅಯ್ಯ, ಮಾತಿಗೆ ಅಂದೆವ್ವ. ಸೈನ್ಯದ್ದು ಸೈನ್ಯಕ್ಕ. ನಮಗ್ಯಾಕ?"

"ನೆಲ?"

"ನಿಂದ ತಾಯೀ, ನಿಂದ."

"ಹಂಗಂತ ಬರೀರಿ."

ಅವನು ಹೊಸ ಹಾಳೆ ತೆಗೆದು ಮುದ್ದಾಗಿ ಬರೆದ: ರೆಕ್ಕೆ ಸೈನ್ಯದ್ದು, ಬಿದ್ದಿರುವ ಜಮೀನು ಕೆಂಚಕ್ಕನ ಸ್ವಂತದ್ದು, ಕೆರೆಗೆ ಸೇರಿದ್ದಲ್ಲ. ನಾಲ್ಕು ವರ್ಷ ಏಳದ ಮುದ್ರೆ ಎರಡೆರಡು ಸಲ ಬಿತ್ತು. ಕೆಂಚಕ್ಕ ಅದರ ನಕಲಿಗೂ ಮುದ್ರೆ ಒತ್ತಿಸಿಕೊಂಡು ಸೆರಗಿನಲ್ಲಿ ಕಟ್ಟಿದಳು.

ತನ್ನ ಕಾಗದಕ್ಕೆ ಆ ಹಾಳೆ ಸೇರಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹರಪನಹಳ್ಳಿಗೆ ಹೋದಳು. ಅಂಚೆ ಕಚೇರಿಯ ಹೆಣ್ಣುಮಗಳು ಸೈನ್ಯದ ವಿಳಾಸ ನೋಡಿ ಕೇಳಿದಳು: "ಅರ್ಜೆಂಟ್ ಏನಜ್ಜಿ?"

"ಇತ್ತವ್ವಾ, ನಾಕು ವರ್ಷದ ಹಿಂದ. ಈಗ ನಿಧಾನಕ ಹೋಗಿ ಮುಟ್ಟಿದ್ರೂ ಸಾಕು."

ಅವಳು ನಗುತ್ತ ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸಿ, ಕಾಗದವನ್ನು ಚೀಲಕ್ಕೆ ಹಾಕಿದಳು.