ಬಳಗದ ಆಲೂಗಡ್ಡೆ

ಸ್ವಪ್ನಾಳಿಗೆ ಬಾರದ ವಿದ್ಯೆ ಒಂದಿತ್ತು: ಕೇಳುವ ವಿದ್ಯೆ. ಸಸ್ಯಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್ ತೆಗೆದವಳಿಗೆ ಬೇರೆಯವರ ಮನೆಯಲ್ಲಿ ‘ಒಂದು ಲೋಟ ನೀರು ಕೊಡಿ’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೆ ‘ನಿಲ್ಸಿ’ ಎನ್ನಲಾರದೆ ಮುಂದಿನ ಊರಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ಬಂದದ್ದೂ ಉಂಟು. ಇದು ಯಾರಿಗೂ ಗೊತ್ತಿರಲಿಲ್ಲ. ಆ ದಿನ ಓಮ್ನಿಯ ಹಿಂದಿನ ಸೀಟಿನಲ್ಲಿ ಉಪ್ಪಿನ ಚೀಲ ತಬ್ಬಿಕೊಂಡು ಕೂತವಳು ತನ್ನೊಳಗೇ ಒಪ್ಪಿಕೊಂಡಳು: ಇಂಥವಳು ಊರೂರು ತಿರುಗಿ ಬೇಸಾಯದ ಪಾಠ ಹೇಳುವ ಬಳಗಕ್ಕೆ ಸೇರಿದ್ದೇ ತಪ್ಪು.

ಬಳಗದ ಹೆಸರು ‘ಕದಿರು’. ತಾಲ್ಲೂಕಿಗೊಬ್ಬರಂತೆ ಮೂವರೇ ಹೆಂಗಸರು. ಸಾಗರದ ವನಮಾಲಾ ಟೀಚರು, ನಿವೃತ್ತಿಯಾದ ಮೇಲೂ ಪಾಠ ನಿಲ್ಲಿಸದವರು. ತೀರ್ಥಹಳ್ಳಿಯ ಜ್ಯೋತಿಲಕ್ಷ್ಮಿ, ಹೊಲಿಗೆ ಅಂಗಡಿಗೆ ವಾರಕ್ಕೊಂದು ದಿನ ಬೀಗ ಹಾಕಿ ಓಮ್ನಿ ಓಡಿಸುವವಳು. ಮೂರನೆಯವಳು ಹೊಸನಗರದ ಸ್ವಪ್ನಾ. ವನಮಾಲಾ ಮಾತಾಡುತ್ತಿದ್ದರು, ಜ್ಯೋತಿಲಕ್ಷ್ಮಿ ನಗಿಸುತ್ತಿದ್ದಳು, ಸ್ವಪ್ನಾ ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಹಾಗಾಗಿ ಇಷ್ಟು ದಿನ ನಡೆದಿತ್ತು.

ಮಳೆಗೆ ಮುಂಚೆ ಅವರು ಕಲಿಸುತ್ತಿದ್ದದ್ದು ಬಿತ್ತನೆ ಭತ್ತ ಆರಿಸುವುದನ್ನು. ಉಪ್ಪುನೀರಿಗೆ ಭತ್ತ ಸುರಿಯುವುದು. ಮುಳುಗಿದ್ದು ಬೀಜ, ತೇಲಿದ್ದು ಜೊಳ್ಳು. ನೀರಿಗೆ ಉಪ್ಪು ಎಷ್ಟಿರಬೇಕೆಂದು ತಿಳಿಯಲು ಕೆಲವು ಊರುಗಳಲ್ಲಿ ಕೋಳಿಮೊಟ್ಟೆ ಬಿಡುತ್ತಾರೆ. ಅದು ತೇಲಿದ ಕೂಡಲೇ ಉಪ್ಪು ಹಾಕುವುದನ್ನು ನಿಲ್ಲಿಸಬೇಕು. ಆದರೆ ಇವತ್ತಿನ ಸಭೆ ತಾಳಗುಪ್ಪದ ಹತ್ತಿರ, ಹವ್ಯಕರಾದ ಗಣೇಶಮೂರ್ತಿಯವರ ಅಂಗಳದಲ್ಲಿ. ಅಲ್ಲಿಗೆ ಮೊಟ್ಟೆ ತರುವಂತಿಲ್ಲ. ಇಂಥ ಕಡೆ ಮೊಟ್ಟೆಯ ಬದಲು ನೀರಿಗೆ ಬಿಡಲೆಂದೇ ಬಳಗದ ಡಬ್ಬಿಯಲ್ಲಿ ಒಂದು ಆಲೂಗಡ್ಡೆ ಇರುತ್ತಿತ್ತು.

“ಜ್ಯೋತಕ್ಕಾ, ಡಬ್ಬಿ ಖಾಲಿ ಇದೆ,” ಎಂದಳು ಸ್ವಪ್ನಾ.

“ಅಯ್ಯೋ ಮಾರಾಯ್ತಿ! ನಮ್ಮಮ್ಮ ನಿನ್ನೆ ಹುಳಿಗೆ ಹಾಕಿರ್ಬೇಕು. ಅದಕ್ಕೇ ಒಂದು ಹೋಳು ಬೇಯ್ಲೇ ಇಲ್ಲ.”

ವನಮಾಲಾ ಮುಂದಿನ ಸೀಟಿನಲ್ಲೇ ನಕ್ಕುಬಿಟ್ಟರು. “ಮೂರು ತಾಲ್ಲೂಕು ತಿರುಗಿದ ಆಲೂಗಡ್ಡೆ ಕಣೇ ಅದು, ಸುಲಭಕ್ಕೆ ಬೇಯತ್ತಾ? ಹೋಗ್ಲಿ, ಅಮಿತಾ ಹತ್ರ ಒಂದು ಕೇಳಿ ಇಸ್ಕೋ ಸ್ವಪ್ನಾ.”

ಕೇಳಿ ಇಸ್ಕೋ. ಎಷ್ಟು ಹಗುರವಾಗಿ ಹೇಳಿಬಿಟ್ಟರು!

ಓಮ್ನಿ ನಿಂತಾಗ ಗಣೇಶಮೂರ್ತಿಯವರ ಹೆಂಡತಿ ಅಮಿತಾ ಅಂಗಳಕ್ಕೇ ಇಳಿದು ಬಂದರು. “ಬನ್ನಿ ವನಮಾಲಕ್ಕಾ, ಆಸ್ರಿಗೆ ಎಂತ ಅಡ್ಡಿಲ್ಲೆ? ಮಜ್ಜಿಗೆ ಇದ್ದು,” ಎಂದು ಹವ್ಯಕ ಮಾತಿನಲ್ಲಿ ಕುಡಿಯಲು ಏನಾಗಬಹುದೆಂದು ವಿಚಾರಿಸಿದವರು, ಸ್ವಪ್ನಾಳ ಕಡೆ ತಿರುಗಿ, “ಏನು ಬೇಕಿದ್ರೂ ಕೇಳಮ್ಮಾ, ಸಂಕೋಚ ಮಾಡ್ಕೋಬೇಡ,” ಎಂದರು.

ಸಂಕೋಚದವರಿಗೆ ಇದಕ್ಕಿಂತ ಸಂಕೋಚ ತರುವ ಮಾತು ಇನ್ನೊಂದಿಲ್ಲ.

ಸ್ವಪ್ನಾ ಅಡುಗೆಮನೆಯ ಬಾಗಿಲತನಕ ಹೋದಳು. ಒಳಗೆ ಅಮಿತಾ ಒಂದು ಕೈಯಲ್ಲಿ ಮಜ್ಜಿಗೆ ಕಡೆಯುತ್ತ, ಹೆಗಲಿಗೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಯಾರೊಡನೆಯೋ ಮಾತಾಡುತ್ತಿದ್ದರು. ಮಾತು ಮುಗಿಯಲಿ ಎಂದು ನಿಂತಳು. ಅದು ಮುಗಿಯುವ ಮಾತಾಗಿರಲಿಲ್ಲ. ಮೂಲೆಯ ಬುಟ್ಟಿಯಲ್ಲಿ ಆಲೂಗಡ್ಡೆಗಳು ಎದುರಿಗೇ ಕಾಣುತ್ತಿದ್ದವು. ಕೆಮ್ಮಿದಳು. ಬಳೆ ಸದ್ದು ಮಾಡಿದಳು. ಕೊನೆಗೆ ಬಂದ ದಾರಿಯಲ್ಲೇ ತಿರುಗಿದಳು.

‘ಅಂದಾಜಿನಲ್ಲಿ ಹಾಕಿದರಾಯಿತು,’ ಎಂದುಕೊಂಡಳು. ಅವಳಿಗೆ ಗೊತ್ತಿದ್ದ ಅಂದಾಜು ಒಂದೇ, ಅವ್ವ ಮಾವಿನ ಮಿಡಿಗೆ ಮಾಡುವ ಉಪ್ಪುನೀರಿನದು. ಇನ್ನು ಕರಗುವುದಿಲ್ಲ ಎಂದು ಉಪ್ಪು ತಳದಲ್ಲಿ ಕೂರುವವರೆಗೂ ಅವ್ವ ಹಾಕುತ್ತಿದ್ದಳು. ಸ್ವಪ್ನಾಳೂ ಹಾಕಿದಳು. ಕಮ್ಮಿಯಾದರೆ ಜೊಳ್ಳು ಉಳಿದೀತು, ಹೆಚ್ಚಾದರೆ ಏನು ಮಹಾ?

ಅಷ್ಟರಲ್ಲಿ ಅಂಗಳ ತುಂಬಿತ್ತು. ವನಮಾಲಾ ಪಾಠ ಶುರುಮಾಡಿದ್ದರು. ಮೊದಲು ಮುಂದೆ ಬಂದವಳು ಗುತ್ಯಮ್ಮ. ಅವಳ ಗದ್ದೆ ಹೊಳೆಯ ಪಕ್ಕದಲ್ಲಿ. ಅವಳು ಬೆಳೆಯುವುದು ನೆರೆಗೂಳಿ ಭತ್ತ, ನೆರೆ ನೀರಿನಲ್ಲಿ ದಿನಗಟ್ಟಲೆ ಮುಳುಗಿದರೂ ಕೊಳೆಯದೆ ಮತ್ತೆ ತಲೆ ಎತ್ತುವ ತಳಿ. ಊರಿನ ಉಳಿದವರೆಲ್ಲ ಅದನ್ನು ಬಿಟ್ಟಿದ್ದರು. ಬೀಜ ಇದ್ದದ್ದು ಅವಳೊಬ್ಬಳ ಮನೆಯಲ್ಲಿ. ಅವಳ ಗಂಡ ಭೂತಪ್ಪನಿಗೂ ಅದನ್ನು ಬಿಟ್ಟು ಪ್ಯಾಕೆಟ್ ಬೀಜ ತರುವ ಆಸೆ. ಇವತ್ತು ಟೀಚರಮ್ಮನ ಎದುರೇ ಇತ್ಯರ್ಥವಾಗಲಿ ಎಂದು ಇಬ್ಬರೂ ಬೀಜದ ಚೀಲವನ್ನು ಬೈಕಿನಲ್ಲೇ ಹೇರಿಕೊಂಡು ಬಂದಿದ್ದರು.

ಗುತ್ಯಮ್ಮ ಎರಡು ಬೊಗಸೆ ಭತ್ತವನ್ನು ಬಕೆಟ್ಟಿಗೆ ಸುರಿದಳು.

ಭತ್ತವೆಲ್ಲ ಮೇಲೆ ಬಂತು. ಕೈಯಾಡಿಸಿದಳು. ಮತ್ತೆ ಮೇಲೆ ಬಂತು. ತಳಕ್ಕೆ ಇಳಿದ ಕಾಳು ಹುಡುಕಿದರೂ ಸಿಗುವಂತಿರಲಿಲ್ಲ.

“ಏನೇ ಗುತ್ಯಮ್ಮ,” ಎಂದಳು ಪಕ್ಕದ ಮನೆಯ ಹಾಲಮ್ಮ, “ನೆರೆ ಬಂದ್ರೂ ನಂದು ಮುಳುಗದಿಲ್ಲ ಅಂತಿದ್ದಿ, ಹೌದು ಬಿಡು! ನಿನ್ನ ಭತ್ತಕ್ಕೆ ಈಜು ಬರ್ತದೆ!”

ಅಂಗಳವೆಲ್ಲ ನಕ್ಕಿತು. ಜ್ಯೋತಿಲಕ್ಷ್ಮಿಯೂ ನಕ್ಕಳು. ವನಮಾಲಾ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಕೆಟ್ಟಿಗೆ ಬಗ್ಗಿದರು. “ಹೀಗೆಲ್ಲೂ ಆಗಿರ್ಲಿಲ್ಲ ಗುತ್ಯಮ್ಮ. ಕಾಳು ಕಟ್ಟೋ ಹೊತ್ತಿಗೆ ಏನೋ ಆಗಿರ್ಬೇಕು. ಸ್ವಪ್ನಾ, ನೀರು ಸರಿ ನೋಡಿದ್ದೀ ಅಲ್ವಾ?”

ಎಲ್ಲರೂ ಅವಳ ಕಡೆ ತಿರುಗಿದರು. ಸ್ವಪ್ನಾಳ ತಲೆ, ಅವಳನ್ನು ಕೇಳದೆಯೇ, ಹೂಂ ಎಂಬಂತೆ ಅಲ್ಲಾಡಿತು.

“ಮತ್ತೆ? ನಾ ಹೇಳ್ಲಿಲ್ವನೇ?” ಭೂತಪ್ಪನಿಗೆ ಹುರುಪು ಬಂತು. “ಈ ಚೀಲ ಈಗ್ಲೇ ಮಿಲ್ಲಿಗೆ ಹಾಕ್ತೀನಿ. ಅಕ್ಕಿಯಾದ್ರೂ ಆಗ್ಲಿ. ಬರೋವಾಗ ಪ್ಯಾಕೆಟ್ ಬೀಜ ತಂದ್ರಾಯ್ತು.”

“ಎಲ್ಲಾ ಒಯ್ತೀಯ? ಒಂದು ಕೊಳಗನಾದ್ರೂ ಇಡು.”

“ಜೊಳ್ಳು ಇಟ್ಕಂಡು ಎಂತ ಮಾಡ್ತೀ? ಪೂಜೆ ಮಾಡ್ತೀಯ?”

ಅವನು ಚೀಲ ಹೊತ್ತು ಅಂಗಳದಾಚೆ ಬೈಕಿನ ಕಡೆಗೆ ನಡೆದ. ಗುತ್ಯಮ್ಮ ಜಗಳವಾಡಬಹುದೆಂದು ಎಲ್ಲರೂ ಕಾದರು. ಅವಳು ಜಗಳಕ್ಕೆ ಹೆಸರಾದವಳು. ಆದರೆ ಇವತ್ತು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ವಪ್ನಾಳ ಪಕ್ಕದಲ್ಲಿ ಬಂದು ಕೂತಳು.

“ನಮ್ಮತ್ತೆ ಕೊಟ್ಟಿದ್ದು ಕಣೇ ತಂಗಿ,” ಎಂದಳು ಮೆಲ್ಲಗೆ. “ಇವ್ನು ಹೇಳಿದ್ರೆ ನಾ ಬಿಡ್ತಿದ್ದೆನಾ? ಓದಿದವ್ರು ನೀವು ನೋಡಿ ಹೇಳಿದ್ ಮೇಲೆ ಮತ್ತೆಂತ. ಹೋಗ್ಲಿ ಬಿಡು.”

ಸ್ವಪ್ನಾ ಬೈಕಿಗೆ ಚೀಲ ಬಿಗಿಯುತ್ತಿದ್ದ ಭೂತಪ್ಪನ ಕಡೆ ನೋಡಿದಳು. ಮಿಲ್ಲಿಗೆ ಹೋದ ಭತ್ತ ಮತ್ತೆ ಗದ್ದೆಗೆ ಬರುವುದಿಲ್ಲ. ಹೊಳೆ ಉಕ್ಕಿದರೆ ಪ್ಯಾಕೆಟ್ ಬೀಜದ ಸಸಿ ಕೊಳೆಯುತ್ತದೆ. ಆಗ ಈ ಊರಿನಲ್ಲಿ ಕೇಳಿದರೂ ಕೊಡಲು ಯಾರ ಹತ್ತಿರವೂ ಬೀಜವಿರುವುದಿಲ್ಲ.

“ನೀರು…” ಎಂದಳು. ಯಾರಿಗೂ ಕೇಳಿಸಲಿಲ್ಲ. ಅಮಿತಾ ಮಜ್ಜಿಗೆ ಹಂಚುತ್ತಿದ್ದರು, ಲೋಟಗಳ ಸದ್ದು. ವನಮಾಲಾ ಮುಂದಿನವರನ್ನು ಕರೆಯುತ್ತಿದ್ದರು.

“ಅದು, ಉಪ್ಪು…” ಎಂದಳು. ಹಾಲಮ್ಮ, “ಮಜ್ಜಿಗೆಗೆ ಉಪ್ಪು ಬೇಕಂತೆ ನೋಡಿ,” ಎಂದು ಅಮಿತಾರಿಗೆ ಕೂಗಿ ಹೇಳಿದಳು.

ಬೇಲಿಬಾಗಿಲಿನ ದಣಪೆಯಾಚೆ ಬೈಕು ಒಂದು ಸಲ ಕೆಮ್ಮಿತು. ಎರಡನೇ ಒದೆತಕ್ಕೆ ಸ್ಟಾರ್ಟ್ ಆಯಿತು.

ಸ್ವಪ್ನಾ ಎದ್ದು ನಿಂತಳು. ಮಜ್ಜಿಗೆ ಲೋಟ ಉರುಳಿತು. ಬಸ್ಸಿನಲ್ಲಿ ಇಷ್ಟು ವರ್ಷ ಗಂಟಲಲ್ಲೇ ಉಳಿದುಕೊಂಡಿದ್ದದ್ದೆಲ್ಲ ಒಟ್ಟಿಗೆ ಹೊರಬಿತ್ತು.

“ನಿಲ್ಸಿ!”

ಗಣೇಶಮೂರ್ತಿಯವರ ನಾಯಿ ಎದ್ದು ಬೊಗಳಿತು. ಭೂತಪ್ಪ ಎಂಜಿನ್ ಆಫ್ ಮಾಡಿ, ಯಾರು ಕೂಗಿದ್ದೆಂದು ಕತ್ತು ಉದ್ದ ಮಾಡಿ ನೋಡಿದ. ವನಮಾಲಾ ಟೀಚರೂ ಪಾಠ ನಿಲ್ಲಿಸಿ ತಿರುಗಿದರು.

“ಅಮಿತಕ್ಕಾ,” ಎಂದಳು ಸ್ವಪ್ನಾ, ಅಂಗಳದ ಆ ತುದಿಗೆ ಕೇಳುವಂತೆ, “ನಂಗೊಂದು ಆಲೂಗಡ್ಡೆ ಕೊಡಿ. ಬಂದ ಕೂಡ್ಲೇ ಕೇಳ್ಬೇಕಿತ್ತು, ನಾಚ್ಕೆ ಆಯ್ತು, ಕೇಳ್ಲಿಲ್ಲ. ಅಂದಾಜಲ್ಲಿ ಮಿಡಿಗೆ ಹಾಕೋವಷ್ಟು ಉಪ್ಪು ಸುರಿದುಬಿಟ್ಟೆ. ಅಷ್ಟು ಉಪ್ಪಿದ್ರೆ ಒಳ್ಳೆ ಕಾಳೂ ತೇಲತ್ತೆ. ಗುತ್ಯಮ್ಮನ ಬೀಜ ಜೊಳ್ಳು ಅಂತ ಯಾರೂ ಹೇಳೋ ಹಾಗಿಲ್ಲ. ಅದನ್ನ ನಾವಿನ್ನೂ ನೋಡೇ ಇಲ್ಲ.”