ವಾಸನೆಯಿಲ್ಲದ ಶಾಯಿ

"ಒಣಗಿದೆ," ಎಂದ ಮಾವ.

ಹಾಳೆಯನ್ನು ಮೂಗಿನ ತುದಿಗೆ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಮೆಲ್ಲಗೆ ಉಸಿರೆಳೆದು ಆಡಿದ ಮಾತು ಅದು. ಮೂವತ್ತೆರಡು ವರ್ಷಗಳಿಂದ ಆ ಪ್ರೆಸ್ಸಿನಲ್ಲಿ ಈ ಒಂದು ಮಾತು ಬಿದ್ದ ಮೇಲೆ ಯಾರೂ ಹಾಳೆಯನ್ನು ಮತ್ತೆ ಮುಟ್ಟಿ ನೋಡಿದವರಲ್ಲ. ಬೈಂಡಿಂಗ್ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. ಸಂಜೆಯ ನಾಲ್ಕು ಗಂಟೆಯ ಬಿಸಿಲು ಕಿಟಕಿಯಿಂದ ಇಳಿದು ಮಷಿನ್ನಿನ ಬೆನ್ನ ಮೇಲೆ ಮಲಗಿತ್ತು.

"ಎಷ್ಟೆತ್ತರ ಪೇರಿಸ್ಲಿ ಮಾವ?"

"ನಿನ್ನೆತ್ತರ."

"ಹಾಗಾದ್ರೆ ಬೇಗ ಮುಗೀತು ಬಿಡಿ," ಎಂದಳು ಆಕೆ. ಆಕೆ ಇದ್ದದ್ದೇ ಮಷಿನ್ನಿನ ಹಿಡಿಕೆಯಷ್ಟು ಎತ್ತರ.

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ ಕೊಡುತ್ತಾನೆ. ಮಾವನಿಗೆ ಮೂಗು ಕೊಟ್ಟಿದ್ದ. ಮಷಿನ್ನಿನಿಂದ ಆಗತಾನೆ ಹೊರಬಿದ್ದ ಹಾಳೆಯ ಮೇಲೆ ಶಾಯಿ ಹಸಿಯಾಗಿರುತ್ತದೆ, ಆಗ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ರಪ್ಪನೆ ಬಡಿಯುತ್ತದೆ. ಒಣಗುತ್ತ ಬಂದಂತೆ ಅದು ತೆಳ್ಳಗಾಗುತ್ತದೆ. ಪೂರಾ ಹೋದ ಮೇಲೆ ಹಾಳೆಗಳನ್ನು ಒಂದರ ಮೇಲೊಂದು ಎಷ್ಟಾದರೂ ಪೇರಿಸಬಹುದು. ಅವಸರ ಮಾಡಿದರೆ ಕೆಳಗಿನ ಹಾಳೆಯ ಚಿತ್ರ ಮೇಲಿನ ಹಾಳೆಯ ಬೆನ್ನಿಗೆ ಅಂಟಿಕೊಂಡು ಎರಡೂ ಕೆಡುತ್ತವೆ. ಬೇರೆ ಪ್ರೆಸ್ಸಿನವರು ಗಡಿಯಾರ ನೋಡುತ್ತಿದ್ದರು, ಬೆರಳಿನಿಂದ ಉಜ್ಜುತ್ತಿದ್ದರು. ಮಾವ ಮೂಸುತ್ತಿದ್ದ. ಪಕ್ಕದ ಬೀದಿಯ ಪ್ರೆಸ್ಸಿನವರೂ ಒಮ್ಮೊಮ್ಮೆ ಹಾಳೆ ಹಿಡಿದುಕೊಂಡು ಬಂದು ಅವನ ಮೂಗಿನ ಮುಂದೆ ನಿಂತದ್ದುಂಟು.

ಅವನು ಎಲ್ಲರಿಗೂ ಮಾವನಾದದ್ದು ಪ್ರೆಸ್ಸಿನ ಒಡತಿಗೆ ಸೋದರಮಾವನಾದ್ದರಿಂದ. ಅವಳು ಅವನ ಸ್ವಂತ ಅಕ್ಕನ ಮಗಳು. ಹೊರಗಿನವರಿಗೆ ಮೇಡಂ, ಅವನಿಗೆ ಇವತ್ತಿಗೂ ಪುಟ್ಟಿ. ಪ್ರೆಸ್ಸನ್ನು ಕಟ್ಟಿದವರು ಅವಳ ಅಪ್ಪ, ಮಾವನ ಭಾವ. ರೋಲರುಗಳನ್ನು ದಿನಾ ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಆ ಗಾಳಿ ಅವರ ಎದೆಯೊಳಗೇ ಮನೆ ಮಾಡಿತು. "ಪ್ರೆಸ್ಸಿನ ಹೊಸಿಲು ತುಳಿದರೆ ನನ್ನ ಹತ್ತಿರ ಬರಬೇಡಿ," ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಮೂರು ವರ್ಷದಿಂದ ಭಾವ ಎರಡು ಬೀದಿಯಾಚೆಯ ಮನೆಯಲ್ಲಿ ಕೂತು, ಅಚ್ಚಾಗಿ ಬಂದದ್ದರಲ್ಲಿ ತಪ್ಪು ಹುಡುಕಿ ಫೋನಿನಲ್ಲಿ ಬೈಯುತ್ತ ದಿನ ದೂಡುತ್ತಿದ್ದರು.

ಹೀಗಿರುವಾಗ ಪುಟ್ಟಿ ಹೊಸ ಶಾಯಿ ತಂದಳು. ಗಿಡದ ಬೀಜ ಹಿಂಡಿದ ಎಣ್ಣೆಯಲ್ಲಿ ಕಲಸಿದ ಶಾಯಿ. ರೋಲರು ತೊಳೆಯುವುದಕ್ಕೂ ಅಂಥದೇ ಎಣ್ಣೆ. ಜೊತೆಗೆ ಹಳೆಯ ಕಾಗದವನ್ನೇ ನೆನೆಸಿ, ಅರೆದು, ಮತ್ತೆ ಮಾಡಿದ ಕಾಗದ. ಅದರಲ್ಲಿ ಅಲ್ಲಲ್ಲಿ ನೀಲಿಯ ಚುಕ್ಕೆ, ಕೆಂಪಿನ ಎಳೆ. ಯಾವುದೋ ಹಿಂದಿನ ಜನ್ಮದ ನೆನಪಿನ ಹಾಗೆ. ಪುಟಾಣಿಗಳ ಶಾಲೆಯೊಂದು ಪ್ರಾಣಿಗಳ ಚಿತ್ರಪುಸ್ತಕಕ್ಕೆ ಕೇಳಿದ್ದೂ ಅದನ್ನೇ. ಶಾಲೆಯ ದೊಡ್ಡ ಟೀಚರು ತಾವೇ ಬಂದು ಹೇಳಿದ್ದರು: "ನೋಡಿ, ನಮ್ಮ ಮಕ್ಕಳು ಪುಸ್ತಕ ಓದೋದು ಆಮೇಲೆ. ಮೊದ್ಲು ತಿಂತಾರೆ. ತಿಂದ್ರೂ ಭಯ ಇರಬಾರದು, ಅಂಥದ್ದು ಮಾಡಿಕೊಡಿ."

ಮಾವನಿಗೆ ಇದು ಹಿಡಿಸಲಿಲ್ಲ. "ಒಗ್ಗರಣೆ ಹಾಕೋ ಎಣ್ಣೇಲಿ ಅಚ್ಚು ಹಾಕ್ತೀಯೇನೇ?" ಎಂದು ಕೇಳಿದ. ಪುಟ್ಟಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಮಾವ, ಈ ವಾಸನೆ ಹೋದ್ರೆ ಅಪ್ಪ ಒಳಗೆ ಬರಬಹುದು. ಡಾಕ್ಟರನ್ನ ಕೇಳಿದ್ದೀನಿ." ಮಾವ ಒಂದು ಕರಾರು ಹಾಕಿದ: "ಒಂದೇ ಕೆಲಸ. ಈ ಪುಸ್ತಕ ಸರಿಯಾಗಿ ಬಂದ್ರೆ ನಾನು ತುಟಿಪಿಟಕ್ ಅನ್ನಲ್ಲ. ಕೆಟ್ರೆ ಹಳೇ ಡಬ್ಬಗಳು ವಾಪಸ್ಸು. ಸರಿನಾ?" ಅವಳು ಕೈ ಚಾಚಿದಳು. ಇಬ್ಬರೂ ಕೈ ಕುಲುಕಿದರು, ಬೈಂಡಿಂಗ್ ಅಕ್ಕ ಸಾಕ್ಷಿ.

ಸೋಮವಾರ ಸಂಜೆ ಮಾವ ಮೂಸಿ ಒಣಗಿದೆ ಎಂದದ್ದು ಆ ಪುಸ್ತಕದ ಹಾಳೆಯನ್ನೇ. ಮಂಗಳವಾರ ಬೆಳಿಗ್ಗೆ ಆ ಸಾಕ್ಷಿಯೇ ಮೊದಲು ಕೂಗಿದ್ದು.

"ಮಾವ, ಬನ್ನಿ ಇಲ್ಲಿ! ಆನೆ ಮರಿ ಹಾಕಿದೆ!"

ಮಾವ ಹೋಗಿ ನೋಡಿದ. ಪೇರಿಸಿದ ಹಾಳೆಗಳ ಖಾಲಿ ಬೆನ್ನಿನ ಮೇಲೆ, ಎರಡನೆಯ ಬದಿಯ ಚಿತ್ರಗಳು ಬರಬೇಕಾದ ಜಾಗದಲ್ಲಿ, ಒಂದೊಂದು ಮಸುಕು ಆನೆ ಸೊಂಡಿಲು ತಿರುವುಮುರುವಾಗಿ ನಿಂತಿತ್ತು. ಪಕ್ಕದಲ್ಲಿ ಮಸುಕು ಮೀನು, ಮಸುಕು ಮೊಲ. ಮೇಲಿನದು ತೆಗೆದ, ಅದರ ಕೆಳಗಿನದು ತೆಗೆದ, ಕೈ ತೂರಿಸಿ ನಡುವಿನದನ್ನು ಎಳೆದ. ಎಲ್ಲದರಲ್ಲೂ ಅದೇ ಕತೆ. ಎರಡು ಸಾವಿರ ಹಾಳೆ.

ಪುಟ್ಟಿ ಬಂದಳು. ಒಂದು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟು ಅಂಚು ಸರಿಮಾಡಿದಳು.

"ಆಯ್ತು ಮಾವ. ಮಾತು ಅಂದ್ರೆ ಮಾತು. ಹಳೇ ಡಬ್ಬ ತೆಗೀರಿ. ಶಾಲೆಯವರಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ."

ಮುಚ್ಚಿಡುವುದೇಕೆ, ಮಾವನಿಗೆ ಒಳಗೊಳಗೇ ಹಿಗ್ಗಾಯಿತು. ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂಬ ಹಿಗ್ಗು. ಅದನ್ನು ಮುಖದ ಮೇಲೆ ಬರಗೊಡದೆ ಹಿಂದಿನ ಕೋಣೆಗೆ ಹೋಗಿ ಹಳೆಯ ಶಾಯಿಯ ಡಬ್ಬದ ಮುಚ್ಚಳ ಎಬ್ಬಿಸಿದ. ಗಪ್ಪೆಂದು ವಾಸನೆ ಬಂತು. ಬಾಲ್ಯದ ಗೆಳೆಯ ಹೆಗಲ ಮೇಲೆ ಕೈ ಹಾಕಿದಂತಾಯಿತು. ಹೊಸ ಡಬ್ಬಗಳನ್ನು ಕಟ್ಟಿಡಬೇಕಲ್ಲ, ಒಂದು ತೆರೆದೇ ಇತ್ತು. ಮುಚ್ಚುವ ಮುಂಚೆ, ಕೈ ತನ್ನಷ್ಟಕ್ಕೆ ಅದನ್ನು ಮೂಗಿನ ಹತ್ತಿರ ತಂದಿತು. ರೂಢಿ.

ಏನೂ ಇಲ್ಲ.

ಮಾವ ಇನ್ನೊಮ್ಮೆ ಮೂಸಿದ. ಶಾಯಿ ಜೇನಿನ ಹಾಗೆ ಹಸಿಯಾಗಿ ಹೊಳೆಯುತ್ತಿತ್ತು. ಬೆರಳದ್ದಿದ. ಬೆರಳು ಕಪ್ಪಾಯಿತು. ಬೆರಳನ್ನೇ ಮೂಸಿದ. ನೀರಿಗಾದರೂ ಒಂದು ವಾಸನೆ ಇರುತ್ತದೆ, ಇದಕ್ಕೆ ಅದೂ ಇಲ್ಲ.

ಅವನು ಅಲ್ಲೇ ಕಾಗದದ ರೀಮುಗಳ ಕಟ್ಟಿನ ಮೇಲೆ ಕೂತುಬಿಟ್ಟ. ಡಬ್ಬದಲ್ಲಿ ಹಸಿ ಇದ್ದಾಗಲೇ ವಾಸನೆ ಇಲ್ಲದ್ದು ಹಾಳೆಯ ಮೇಲೆ ಒಣಗಿತೋ ಇಲ್ಲವೋ ಎಂದು ಮೂಗಿಗೆ ಹೇಗೆ ತಿಳಿಯಬೇಕು? ಪಾಪ, ಮೂಗು ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಬಾರದ್ದನ್ನು ಕೇಳಿದವನು ತಾನು. ಶಾಯಿ ಕೆಟ್ಟದ್ದಲ್ಲ, ಇನ್ನೂ ಹೊತ್ತು ಬೇಕಿತ್ತು, ಅಷ್ಟೆ. ಬೆರಳಿನಿಂದ ಒಮ್ಮೆ ಉಜ್ಜಿದ್ದರೆ ಗೊತ್ತಾಗುತ್ತಿತ್ತು. ಮೂವತ್ತೆರಡು ವರ್ಷದಿಂದ ಉಜ್ಜಿರಲಿಲ್ಲ.

ಇದು ಇನ್ನು ಯಾರಿಗೂ ಗೊತ್ತಿಲ್ಲ ಎಂಬುದೂ ಆ ಕ್ಷಣದಲ್ಲೇ ಹೊಳೆಯಿತು. ಸುಮ್ಮನಿದ್ದರೆ ಸಾಕು. ಹಳೆಯ ಶಾಯಿ ಇರುತ್ತದೆ, ಹಳೆಯ ವಾಸನೆ ಇರುತ್ತದೆ, ಪಕ್ಕದ ಬೀದಿಯವರು ಹಾಳೆ ಹಿಡಿದುಕೊಂಡು ಬರುತ್ತಾರೆ. ದೇವರೇ, ಎಂದ ಮಾವ. ಅದಕ್ಕಿಂತ ಉದ್ದದ ಪ್ರಾರ್ಥನೆ ಅವನಿಗೆ ಬರುತ್ತಿರಲಿಲ್ಲ.

ಗೋಡೆಯಾಚೆ ಪುಟ್ಟಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ಲ ಅಪ್ಪ, ಈ ವಾರ ಬರೋದು ಬೇಡ... ಸರಿ ಹೋಗ್ಲಿಲ್ಲ... ಅಯ್ಯೋ, ಮಾವನ್ನ ಯಾಕೆ ಬೈತೀರಿ? ಮಾವನ ತಪ್ಪು ಏನೂ ಇಲ್ಲ. ಇಂಕೇ ಸರಿ ಇಲ್ಲ... ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ರೆ ಇಟ್ಟಿರಲಿ ಬಿಡಿ, ಬೇರೆ ಎಲ್ಲಿಗಾದ್ರೂ ಹಾಕ್ಕೊಂಡ್ರಾಯ್ತು..."

ಮಾವ ಎದ್ದ. ಕಪ್ಪು ಬೆರಳನ್ನು ಮುಂದೆ ಹಿಡಿದುಕೊಂಡೇ ಆಚೆ ಬಂದು, ಶಾಯಿ ಹತ್ತದ ಕೈಯಿಂದ ಫೋನು ಕಿತ್ತುಕೊಂಡ.

"ಭಾವ, ನಾನು. ನಿಮ್ಮ ಮಗಳು ಸುಳ್ಳು ಹೇಳ್ತಿದ್ದಾಳೆ. ಅಂದ್ರೆ, ಸುಳ್ಳು ಅಂತ ಅವಳಿಗೇ ಗೊತ್ತಿಲ್ಲ. ಇಂಕು ಚೆನ್ನಾಗೇ ಇದೆ. ನಾನು ಮೂಸಿ ನೋಡಿ ಒಣಗಿದೆ ಅಂದೆ."

ಆ ಕಡೆಯಿಂದ ಭಾವ ಕೇಳಿದರು:

"ಏನು ಮಾಡಿದೆ ಅಂದೆ?"

"ಮೂಸಿದೆ."

"ವಾಸನೆ ಇಲ್ಲದ ಇಂಕನ್ನ ಮೂಸಿದೆ?"

"ಹೂಂ."

ಭಾವ ನಗಲು ಶುರುಮಾಡಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಅಯ್ಯೋ ಮಹಾರಾಯ! ಮೂವತ್ತು ವರ್ಷ ನಿನ್ನ ಮೂಗನ್ನ ಹೊಗಳಿ ಹೊಗಳಿ ನಾನೇ ಕೆಡಿಸಿಟ್ಟೆನಲ್ಲೋ! ನಿಮ್ಮಕ್ಕನ್ನ ಕರೀತೀನಿ ಇರು, ಅವಳೂ ಕೇಳಲಿ..."

ಮಾವ ಫೋನನ್ನು ಪುಟ್ಟಿಗೆ ಕೊಟ್ಟ. ಅವಳು ಅವನನ್ನೇ ನೋಡುತ್ತಿದ್ದಳು. ಬೈಂಡಿಂಗ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು.

"ಹೇಳದೇ ಇದ್ರೆ ನೀವೇ ಗೆಲ್ತಿದ್ರಲ್ಲ ಮಾವ," ಎಂದಳು ಪುಟ್ಟಿ.

"ಗೆದ್ದು ಏನು ಮಾಡ್ಲಿ? ನಿಮ್ಮಪ್ಪ ಅಂಗಿ ಇಸ್ತ್ರಿ ಮಾಡಿಸಿದ್ದಾರಂತೆ," ಎಂದು ಗೊಣಗಿ ಮಾವ ಕೈ ತೊಳೆಯಲು ಹೋದ. ಹೊಸ ಎಣ್ಣೆಯಲ್ಲಿ ಶಾಯಿ ಸಲೀಸಾಗಿ ಬಿಟ್ಟಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಪುಸ್ತಕ ಶನಿವಾರ ಕೊಡಬೇಕಿತ್ತು. ಪುಟ್ಟಿ ಕಾಗದದ ಕಾರ್ಖಾನೆಗೆ ಫೋನು ಮಾಡಿದಳು. ಬುಧವಾರ ಬೆಳಿಗ್ಗೆಯೇ ಲಾರಿ ಬಂದು ಹೊಸ ಕಾಗದ ಇಳಿಸಿ, ಮರಿ ಹಾಕಿದ ಆನೆಗಳನ್ನೆಲ್ಲ ಹೇರಿಕೊಂಡಿತು. ಅಲ್ಲಿ ಅವೂ ನೆನೆದು, ಅರೆದು, ಮತ್ತೆ ಹಾಳೆಯಾಗಿ ಹುಟ್ಟುತ್ತವೆ. ಮಾವ ಲಾರಿಯ ಹಿಂದೆ ನಿಂತು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ.

"ಕಳಿಸಿಕೊಡೋಕೆ ಬಂದೋರ ಹಾಗೆ ನಿಂತಿದ್ದೀರಲ್ಲ," ಎಂದಳು ಬೈಂಡಿಂಗ್ ಅಕ್ಕ. ಆಮೇಲೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಬೆಚ್ಚಿದಳು. "ಏನ್ ಮಾವ ಇದು, ಬಿಳೀ ಅಂಗಿ? ಯಾರ ಮದುವೆ?"

ಮಷಿನ್ ನಡೆಸುವವನು ಬಿಳಿ ಅಂಗಿ ಹಾಕಿ ಬಂದದ್ದನ್ನು ಆ ಪ್ರೆಸ್ಸು ಕಂಡಿರಲಿಲ್ಲ. ಮಾವ ಹೋಗಿ ಮಷಿನ್ ಶುರುಮಾಡಿದ.

ಆ ದಿನ ಯಾವುದನ್ನೂ ಎತ್ತರ ಪೇರಿಸಲು ಬಿಡಲಿಲ್ಲ. ಗೇಣೆತ್ತರಕ್ಕೆ ಒಂದು ರಾಶಿ, ಅಷ್ಟೆ. ಮೇಜಿನ ಮೇಲೆ ರಾಶಿ, ಬೆಂಚಿನ ಮೇಲೆ ರಾಶಿ, ಕಿಟಕಿಯ ಕಟ್ಟೆಯ ಮೇಲೆ ರಾಶಿ. ಪುಟ್ಟಿಯ ಕುರ್ಚಿಯಲ್ಲಿ ಮೊಲಗಳು ಕೂತವು. ಮಧ್ಯಾಹ್ನ ಊಟಕ್ಕೆ ಜಾಗವಿಲ್ಲದೆ ಮೂವರೂ ಬಾಗಿಲ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದರು. "ಬಾಡಿಗೆಗೆ ಬಂದ ಪ್ರಾಣಿಗಳು ಮನೆಯವರನ್ನೇ ಓಡಿಸಿದ ಹಾಗಾಯ್ತು," ಎಂದಳು ಬೈಂಡಿಂಗ್ ಅಕ್ಕ. ಮಾವ ಅರ್ಧ ಊಟದಲ್ಲೇ ಎದ್ದು ಹೋಗಿ, ರಾಶಿಯಿಂದ ರಾಶಿಗೆ ನಡೆದು, ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಎತ್ತಿ ಗಾಳಿಯಾಡಿಸಿ ಬಂದ. ತೊಟ್ಟಿಲ ಮಕ್ಕಳ ಹೊದಿಕೆ ಸರಿಮಾಡುವವರ ನಡಿಗೆ ಅದು.

ಮೂರು ಗಂಟೆಗೆ ಒಂದು ಹಾಳೆ ತೆಗೆದು, ಮೂಗಿನ ಹತ್ತಿರ ತರಹೋಗಿ, ತಡೆದು, ಎದೆಯ ಎಡಗಡೆಗೆ ಒತ್ತಿ ಹಿಡಿದ. ನೂರು ಎಣಿಸಿ ತೆಗೆದ. ಜೇಬಿನ ಮೇಲೆ ಮಸುಕಾಗಿ ಒಂದು ಮೀನು ಬಂದಿತ್ತು.

"ಮಾವ, ನಿಮ್ಮ ಜೇಬಲ್ಲಿ ಮೀನು ಈಜ್ತಾ ಇದೆ."

"ಈಜಲಿ. ಇನ್ನೂ ಹಸಿ. ಯಾರೂ ಮುಟ್ಟಬೇಡಿ."

ಗುರುವಾರ ಬೆಳಿಗ್ಗೆ ಅದೇ ಅಂಗಿಯಲ್ಲಿ ಬಂದ. ಹೆಂಡತಿ ಎಷ್ಟು ಉಜ್ಜಿದರೂ ಮೀನು ಹೋಗಿರಲಿಲ್ಲ. ಬದಲಿಗೆ ಮಾವನಿಗೇ ಒಂದಿಷ್ಟು ಉಜ್ಜಿ ಕಳಿಸಿದ್ದಳು. ಬಾಗಿಲ ಹೊರಗೆ ಗಾಡಿಯೊಂದು ನಿಂತಿತು. ಇಸ್ತ್ರಿಯ ಗೆರೆ ಕೆಡದ ಅಂಗಿ ತೊಟ್ಟು, ಮಗಳ ಕೈ ಹಿಡಿದು ಭಾವ ಇಳಿದರು. ಹೊಸಿಲ ಹತ್ತಿರ ನಿಂತರು. ಒಂದು ಕಾಲು ಒಳಗಿಟ್ಟರು, ಕಾದರು. ಏನೂ ಆಗಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟರು.

"ಇದು ಪ್ರೆಸ್ಸೇನೋ? ಬೇರೆ ಯಾರದೋ ಮನೆಗೆ ನುಗ್ಗಿದ ಹಾಗಿದೆ," ಎಂದರು.

ಮಾವ ತಿರುಗಿ ನೋಡಲಿಲ್ಲ. ಅವನ ಕೈಯಲ್ಲಿ ಹಾಳೆಯಿತ್ತು. ಅದನ್ನು ಎದೆಯ ಬಲಗಡೆಗೆ ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದ. ಪುಟ್ಟಿ ಉಗುರು ಕಚ್ಚುತ್ತಿದ್ದಳು. ನೂರಾಯಿತು. ಮಾವ ಇನ್ನೂ ಇಪ್ಪತ್ತು ಎಣಿಸಿದ. ಆಮೇಲೆ ಹಾಳೆಯನ್ನು ಮೆಲ್ಲಗೆ ಬಿಡಿಸಿದ.

ಹಾಳೆಯ ಮೇಲೆ ಆನೆ ನಿಂತಿತ್ತು. ಅಂಗಿಯ ಮೇಲೆ ಏನೂ ಇರಲಿಲ್ಲ.

"ತಾ ಇಲ್ಲಿ," ಎಂದರು ಭಾವ. ಕೂರಲು ಕುರ್ಚಿ ಖಾಲಿ ಇರಲಿಲ್ಲ. ರಾಶಿಗಳ ನಡುವೆ ಮೆಲ್ಲಗೆ ದಾರಿ ಮಾಡಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಕನ್ನಡಕ ಏರಿಸಿದರು. ಮುಖದ ತೀರ ಹತ್ತಿರ ಹಿಡಿದು ಮೂಲೆಯಿಂದ ಮೂಲೆಗೆ ನೋಡತೊಡಗಿದರು.

"ಕಿವಿಗೆ ಬಣ್ಣ ಒಂಚೂರು ಜಾಸ್ತಿಯಾಯ್ತು," ಎಂದರು ಕೊನೆಗೆ.

"ಆಯ್ತು ಭಾವ, ಕಡಿಮೆ ಮಾಡ್ತೀನಿ," ಎಂದ ಮಾವ.

ಭಾವ ಹಾಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಹಾಗೇ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಅವರ ಉಸಿರಿಗೆ ಹಾಳೆಯ ಮೇಲಂಚು ಸಣ್ಣಗೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.